ಬೆಲ್ಲ, ನೀರು ಮತ್ತು ಗಾಜಿನ ಬಾಗಿಲು: ಆಫೀಸಿಗೆ ಆತಿಥ್ಯದ ಗುಣ ತರುವುದು ಹೇಗೆ? ಕೋಲಾರದವರಿಗೊಂದು ಸಮಗ್ರ ಮಾರ್ಗದರ್ಶಿ

ಕೋಲಾರದಲ್ಲಿ ಹೊಸದಾಗಿ ಎದ್ದ ಒಂದು ಮೂರು ಮಹಡಿ ಆಫೀಸು. ಬೆಳಿಗ್ಗೆ ಹತ್ತೂವರೆ ಗಂಟೆ. ಮುಳಬಾಗಿಲು ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಗಾಜಿನ ಬಾಗಿಲ ಮುಂದೆ ಚಪ್ಪಲಿ ಬಿಟ್ಟರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಕಾಗದ ಪತ್ರ. ಬಾಗಿಲು ತಳ್ಳಿದರು, ತೆರೆಯಲಿಲ್ಲ. ಎಳೆಯಬೇಕಿತ್ತು. ಒಳಗಿದ್ದವರು ಕಂಪ್ಯೂಟರ್‌ನಿಂದ ತಲೆ ಎತ್ತಲಿಲ್ಲ. ಕಾಯ್ದ ಗ್ರಾನೈಟ್ ಮೇಲೆ ಬರಿಗಾಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಒಳಗೆ ಲಾಬಿಯಲ್ಲಿ ದೊಡ್ಡ ತೂಗುದೀಪ ಇತ್ತು. ಇಟಲಿಯ ಅಮೃತಶಿಲೆ ಇತ್ತು. ಆ ಒಳಾಂಗಣ ಮಾಡಿದ ತಂಡದಲ್ಲಿ ನಾನೂ ಇದ್ದೆ. ಅವತ್ತು ನಾಚಿಕೆಯಾಯಿತು.

ಹಾಸ್ಪಿಟಾಲಿಟಿ ಡಿಸೈನ್ ಅಂದರೆ ಹೋಟೆಲ್ ಥರ ಕಾಣುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಳ್ಳೆಯ ಹೋಟೆಲ್ ಮಾಡುವ ಕೆಲಸ ಬೇರೆ. ಬಂದವರ ಮನಸ್ಸಿನಲ್ಲಿ ಕೆಲವು ಪ್ರಶ್ನೆ ಇರುತ್ತವೆ. ಗಾಡಿ ಎಲ್ಲಿ ಬಿಡಲಿ? ಯಾರಿಗೆ ಹೇಳಲಿ? ಎಲ್ಲಿ ಕೂರಲಿ? ಎಷ್ಟು ಹೊತ್ತು? ಬಾಯಿ ಬಿಟ್ಟು ಕೇಳುವ ಮೊದಲೇ ಕಟ್ಟಡ ಇದಕ್ಕೆಲ್ಲ ಉತ್ತರ ಕೊಡಬೇಕು. ನಮ್ಮ ಹಳೇ ಮನೆಗಳಿಗೆ ಇದು ಗೊತ್ತಿತ್ತು. ಜಗಲಿ ಕಂಡರೆ ಅಲ್ಲಿ ಕೂರಬಹುದು ಅಂತ ಯಾರೂ ಹೇಳಬೇಕಿರಲಿಲ್ಲ. ಕಾಲಿಗೆ ನೀರು, ಕುಡಿಯಲು ನೀರು, ಜೊತೆಗೊಂದು ಚೂರು ಬೆಲ್ಲ. ವಿಷಯ ಏನು ಅಂತ ಕೇಳುವುದು ಆಮೇಲೆ.

ಆಫೀಸುಗಳಿಗೆ ಈಗ ಇದರ ಮೇಲೆ ಆಸಕ್ತಿ ಬರಲು ಕಾರಣ ಇದೆ. 2020ರ ಲಾಕ್‌ಡೌನ್ ಆದಮೇಲೆ ಮನೆಯಿಂದಲೇ ಕೆಲಸ ಮಾಡಬಹುದು ಅಂತ ಜನಕ್ಕೆ ಗೊತ್ತಾಯಿತು. ಅವರನ್ನು ಮತ್ತೆ ಕರೆತರಲು ದೊಡ್ಡ ಕಂಪನಿಗಳು ಹೋಟೆಲ್‌ಗಳಿಂದ ಪಾಠ ಕಲಿತವು. ಲಾಬಿ ಲೌಂಜ್ ಆಯಿತು, ಪ್ಯಾಂಟ್ರಿ ಕಾಫಿ ಬಾರ್ ಆಯಿತು. ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ. ಕೆಜಿಎಫ್, ಬಂಗಾರಪೇಟೆಯ ಹುಡುಗ ಹುಡುಗಿಯರು ಬೆಳಗಾಗುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಅಂಥವರು ಊರಲ್ಲೇ ಉಳಿದು ನಿಮ್ಮ ಹತ್ತಿರ ಕೆಲಸ ಮಾಡಬೇಕು ಅಂದರೆ ಸಂಬಳದ ಜೊತೆ ಜಾಗವೂ ಚೆನ್ನಾಗಿರಬೇಕು, ಅಲ್ವಾ?

ಹಂತ 1: ಒಂದು ದಿನ ಸುಮ್ನೆ ಕೂತು ನೋಡಿ

ಆರ್ಕಿಟೆಕ್ಟ್ ಹತ್ತಿರ ಹೋಗುವ ಮೊದಲು ಒಂದು ಸೋಮವಾರ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರಿ. ಕಟ್ಟಡ ಇನ್ನೂ ಎದ್ದಿಲ್ಲವಾದರೆ ಈಗಿರುವ ಆಫೀಸಿನಲ್ಲೇ ಕೂರಿ. ಯಾರು ಬಂದರು, ಹೇಗೆ ಬಂದರು, ಮೊದಲು ಏನು ಕೇಳಿದರು, ಎಷ್ಟು ಹೊತ್ತು ನಿಂತರು ಅಂತ ಬರೆದುಕೊಳ್ಳಿ.

ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಆಫೀಸಾದರೆ ಬಯೋಡೇಟಾ ಹಿಡಿದ ಹುಡುಗರು ಜಾಸ್ತಿ. ಲಾರಿ ಡ್ರೈವರ್‌ಗಳು ಚಲನ್ ಹಿಡಿದು ಬರುತ್ತಾರೆ. ಪೇಟೆಯೊಳಗಿನ ಆಫೀಸಾದರೆ ರೈತರು, ಟೊಮೆಟೊ ಮಂಡಿಯಿಂದ ನೇರ ಬಂದವರು, ಮಗುವನ್ನು ಎತ್ತಿಕೊಂಡ ತಾಯಂದಿರು. ಇವರ ಮಧ್ಯೆ ವಾರಕ್ಕೊಮ್ಮೆ ಬೆಂಗಳೂರಿನಿಂದ ಕಾರಿನಲ್ಲಿ ಬರುವ ಕ್ಲೈಂಟ್. ಮಾಲೀಕರು ಲಾಬಿ ಮಾಡಿಸುವುದು ಈ ಕೊನೆಯವರಿಗೋಸ್ಕರ. ಬಾಗಿಲು ತೆರೆಯುವವರಲ್ಲಿ ಹೆಚ್ಚಿನವರು ಮೊದಲಿನವರು. ಇಬ್ಬರಿಗೂ ಒಗ್ಗುವ ಜಾಗ ಮಾಡಬಹುದು. ಆದರೆ ಇಬ್ಬರೂ ಬರುತ್ತಾರೆ ಅಂತ ಮೊದಲು ಒಪ್ಪಿಕೊಳ್ಳಬೇಕು.

ಭಾಷೆಯನ್ನೂ ಬರೆದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಬರುತ್ತವೆ. ಕೆಜಿಎಫ್ ಕಡೆಯವರು ತಮಿಳು. ಕೌಂಟರಿನಲ್ಲಿ ಕೂರುವವರಿಗೆ ಇಂಗ್ಲಿಷ್‌ಗಿಂತ ಇವು ಬರಬೇಕು.

ಹಂತ 2: ಗೇಟಿನಿಂದ ಬಾಗಿಲವರೆಗೆ

ಆತಿಥ್ಯ ಶುರುವಾಗುವುದು ಗೇಟಿನಲ್ಲಿ. ಅಲ್ಲಿ ಮೊದಲು ಸಿಗುವುದು ಸೆಕ್ಯೂರಿಟಿಯವರು. ಅವರಿಗೆ ಬಿಸಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, ಬಂದವರನ್ನು ನಗುತ್ತಾ ಮಾತಾಡಿಸಿ ಅಂದರೆ ನಡೆಯುವುದಿಲ್ಲ. ನೆರಳು, ಫ್ಯಾನು, ಕುಡಿಯುವ ನೀರು, ರಿಜಿಸ್ಟರ್ ಇಡಲು ಎದೆಮಟ್ಟದ ಹಲಗೆ, ಇಷ್ಟು ಕೊಡಿ. ಬಂದವರು ಬಗ್ಗಿ ಬರೆಯುವ ಹಾಗಾಗಬಾರದು. ಬರೆಯಲು ಬಾರದವರೂ ಬರುತ್ತಾರೆ. ಹೆಸರು ಬರೆದುಕೊಳ್ಳುವ ಕೆಲಸ ಸೆಕ್ಯೂರಿಟಿಯವರದೇ ಆಗಲಿ.

ಬೋರ್ಡು ಕನ್ನಡದಲ್ಲಿ ದೊಡ್ಡದಾಗಿ ಇರಲಿ. ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಆದಮೇಲೆ ಫಲಕದ ಶೇ 60 ಭಾಗ ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಅದು ಕಾನೂನಿನ ಮಾತಾಯಿತು. ಒಳಗಿನ ಬೋರ್ಡುಗಳನ್ನು ಜನ ಮರೆಯುತ್ತಾರೆ. 'ಅಡ್ಮಿನ್', 'ಎಚ್ಆರ್' ಅಂತ ಬರೆದರೆ ಯಾರಿಗೆ ಅರ್ಥವಾಗಬೇಕು? 'ಕೆಲಸ ಕೇಳಿ ಬಂದವರು ಇಲ್ಲಿ', 'ಬಿಲ್ ಕೊಡುವವರು ಮೊದಲ ಮಹಡಿ' ಅಂತ ಬರೆಯಿರಿ.

ಇಳಿಜಾರು ದಾರಿ, ಅಂದರೆ ರ‍್ಯಾಂಪ್. ಇದರಲ್ಲಿ ಮೋಸ ಜಾಸ್ತಿ. ನಿಯಮ ಸರಳ: 1 ಅಡಿ ಏರಲು 12 ಅಡಿ ಉದ್ದ. ನಿಮ್ಮ ಪ್ಲಿಂತ್, ಅಂದರೆ ಕಟ್ಟಡ ನಿಂತ ಕಟ್ಟೆ, 2 ಅಡಿ ಎತ್ತರ ಇದ್ದರೆ ರ‍್ಯಾಂಪ್ 24 ಅಡಿ ಬೇಕು. ನಾನು ನೋಡಿದ ಎಷ್ಟೋ ಕಡೆ 8 ಅಡಿಯಲ್ಲಿ ಮುಗಿಸಿರುತ್ತಾರೆ. ಅದು ಬೈಕ್ ಹತ್ತಿಸಲು ಆಗುತ್ತದೆ, ವೀಲ್‌ಚೇರ್‌ಗೆ ಆಗುವುದಿಲ್ಲ. ಜಾಗ ಇಲ್ಲ ಅಂದರೆ ಪ್ಲಿಂತ್ ಎತ್ತರವನ್ನೇ ಕಡಿಮೆ ಮಾಡಿ. ನೆಲಕ್ಕೆ ಪಾಲಿಶ್ ಮಾಡಿದ ಗ್ರಾನೈಟ್ ಬೇಡ, ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಗ್ರಾನೈಟ್ ಹಾಕಿ. ಕಲ್ಲು ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ ಇರಲಿ.

ಬಾಗಿಲ ಮುಂದೆ ಕನಿಷ್ಠ 6 ಅಡಿ ಆಳದ ನೆರಳು ಬೇಕು. ಛತ್ರಿ ಮಡಚಲು, ಬ್ಯಾಗಿನಲ್ಲಿ ಫೋನ್ ಹುಡುಕಲು, ಒಂದು ಕ್ಷಣ ಉಸಿರು ಬಿಡಲು ಅದು ಬೇಕು. ಅಲ್ಲೇ ಒಂದು ಕಲ್ಲಿನ ಜಗಲಿ ಕಟ್ಟಿಸಿ, 17 ಇಂಚು ಎತ್ತರ, ಪಕ್ಕದಲ್ಲಿ ಒಂದು ಹೊಂಗೆ ಗಿಡ. ಇಡೀ ಯೋಜನೆಯಲ್ಲಿ ಖರ್ಚಿಗೆ ಹೋಲಿಸಿದರೆ ಇಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಹಂತ 3: ಬಾಗಿಲು

ಆ ಹಿರಿಯರ ವಿಷಯಕ್ಕೆ ಬರೋಣ. ಬಾಗಿಲು ಹೊರಗೆ ತೆರೆಯುವ ಹಾಗೆ ಇದ್ದದ್ದು ತಪ್ಪಲ್ಲ. ಬೆಂಕಿ ಬಿದ್ದಾಗ ಜನ ಒಳಗಿನಿಂದ ನುಗ್ಗಿ ಬರುತ್ತಾರೆ, ಆಗ ಬಾಗಿಲು ಅವರು ಹೋಗುವ ದಿಕ್ಕಿಗೇ ತೆರೆಯಬೇಕು. ಹಾಗಾಗಿ ಹೊರಗಿನಿಂದ ಬರುವವರು ಎಳೆಯಲೇಬೇಕು. ನಾವು ಮಾಡಿದ ತಪ್ಪು ಏನೆಂದರೆ ಎರಡೂ ಕಡೆ ಒಂದೇ ಥರದ ಉದ್ದ ಸ್ಟೀಲ್ ಹಿಡಿ ಹಾಕಿದ್ದು. ಹಿಡಿ ಕಂಡರೆ ಕೈ ಎಳೆಯುತ್ತದೆ, ಪಟ್ಟಿ ಕಂಡರೆ ತಳ್ಳುತ್ತದೆ. ಎರಡೂ ಕಡೆ ಹಿಡಿಯೇ ಇದ್ದರೆ ಕೈಗೆ ಗೊಂದಲ. ಹೊರಗಡೆ ಹಿಡಿ, ಒಳಗಡೆ ಚಪ್ಪಟೆ ಪಟ್ಟಿ ಹಾಕಿ. 'ಎಳೆಯಿರಿ' ಅಂತ ಕನ್ನಡದಲ್ಲಿ ಬರೆಯಿರಿ. ಗಾಜಿಗೆ ಕಣ್ಣಿನ ಮಟ್ಟದಲ್ಲಿ ಒಂದು ಪಟ್ಟೆ ಅಂಟಿಸಿ, ಇಲ್ಲದಿದ್ದರೆ ಒಂದು ದಿನ ಯಾರಾದರೂ ಹಣೆ ಹೊಡೆದುಕೊಳ್ಳುತ್ತಾರೆ. ತೆರೆದಾಗ ಕನಿಷ್ಠ 3 ಅಡಿ ದಾರಿ ಸಿಗಬೇಕು.

ಚಪ್ಪಲಿ? 'ಚಪ್ಪಲಿ ಹಾಕಿಕೊಂಡೇ ಬನ್ನಿ' ಅಂತ ಒಂದು ಸಣ್ಣ ಬೋರ್ಡು. ಅಷ್ಟೇ. ಒಳಗೆ 6 ಅಡಿ ಉದ್ದದ ಮ್ಯಾಟ್ ಹಾಕಿದರೆ ಮಣ್ಣು ಅಲ್ಲೇ ಉಳಿಯುತ್ತದೆ. ಎರಡು ಅಡಿಯ ಮ್ಯಾಟ್ ಹಾಕಿದರೆ ಒಂದು ಕಾಲು ಮಾತ್ರ ಒರೆಸಿದ ಹಾಗೆ.

ಹಂತ 4: ಒಳಗೆ ಕಾಲಿಟ್ಟ ಮೊದಲ ಕ್ಷಣ

ಒಳಗೆ ಬಂದವರ ಕಣ್ಣು ಮೊದಲು ಮನುಷ್ಯರ ಮುಖ ಹುಡುಕುತ್ತದೆ. ಲೋಗೊ ಅಲ್ಲ. ಕೌಂಟರನ್ನು ಬಾಗಿಲಿಗೆ ಸ್ವಲ್ಪ ಓರೆಯಾಗಿ ಇಡಿ. ಕೂತವರಿಗೆ ಬಾಗಿಲು ಕಾಣಬೇಕು, ಬಂದವರಿಗೆ ಮುಖ ಕಾಣಬೇಕು. ಕಂಪ್ಯೂಟರ್ ಪರದೆ ಮುಖ ಮುಚ್ಚಬಾರದು. ಎತ್ತರದ ಕೌಂಟರ್ ಚೆಂದ ಕಾಣುತ್ತದೆ ನಿಜ. ಆದರೆ 42 ಇಂಚು ಎತ್ತರದ ಗೋಡೆಯ ಹಿಂದೆ ಕೂತವರು ಗಿಡ್ಡ ಇರುವವರಿಗೂ ವೀಲ್‌ಚೇರಿನವರಿಗೂ ಕಾಣುವುದೇ ಇಲ್ಲ. ಅರ್ಧ ಭಾಗವಾದರೂ 30 ಇಂಚಿಗೆ ಇಳಿಸಿ, ಕೆಳಗೆ ಮೊಣಕಾಲು ಹೋಗಲು ಜಾಗ ಬಿಡಿ. ಅಲ್ಲಿ ಎದುರುಬದುರು ಕೂತು ಮಾತಾಡಬಹುದು. ಮಾತಿನ ದನಿಯೇ ಬದಲಾಗುತ್ತದೆ. ನೋಡಿ ಬೇಕಾದರೆ.

ಸೋಫಾ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೆತ್ತಗಿನ, ತಗ್ಗಿನ ಸೋಫಾ ಫೋಟೋಗೆ ಚೆನ್ನ. ಮೊಣಕಾಲು ನೋವಿರುವವರು ಅದರಿಂದ ಏಳಲು ಯಾರದಾದರೂ ಕೈ ಹಿಡಿಯಬೇಕು. ಅಪರಿಚಿತರ ಪಕ್ಕ ಒತ್ತಿಕೊಂಡು ಕೂರಲು ಹೆಂಗಸರಿಗೆ ಮುಜುಗರ. 17ರಿಂದ 18 ಇಂಚು ಎತ್ತರದ, ಕೈಯಿಟ್ಟುಕೊಳ್ಳಲು ಆಧಾರ ಇರುವ ಬಿಡಿ ಕುರ್ಚಿಗಳು ಉತ್ತಮ. ಒಂದೆರಡು ಸೋಫಾ ಇದ್ದರೆ ಇರಲಿ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲೂ ಕೌಂಟರೂ ಕಾಣುವ ಹಾಗೆ ಕುರ್ಚಿ ಜೋಡಿಸಿ. ತಮ್ಮನ್ನು ಮರೆತಿಲ್ಲ ಅಂತ ಕಾಯುವವರಿಗೆ ಗೊತ್ತಾಗುತ್ತಿರಬೇಕು.

ನೀರು ಕೇಳಿ ಪಡೆಯುವಂತಿರಬಾರದು. ಹೂಜಿ ಅಥವಾ ಫಿಲ್ಟರ್, ಸ್ಟೀಲ್ ಲೋಟ, ಒಂದು ಡಬ್ಬಿಯಲ್ಲಿ ಅಚ್ಚು ಬೆಲ್ಲದ ಚೂರು. ಒಬ್ಬ ಮಾಲೀಕರಿಗೆ ಇದನ್ನು ಹೇಳಿದಾಗ ನಕ್ಕರು. ಆಮೇಲೆ ಇಟ್ಟರು. ಬೆಂಗಳೂರಿನ ಕ್ಲೈಂಟ್‌ಗಳು ಈಗ ಫೋಟೋ ತೆಗೆಯುವುದು ಆ ಬೆಲ್ಲದ ಡಬ್ಬಿಯದು.

ಅಲಂಕಾರ ಬೇಕೇ ಬೇಕು ಅಂದರೆ ಮಾಲೂರು ತಾಲೂಕಿನ ಶಿವಾರಪಟ್ಟಣಕ್ಕೆ ಹೋಗಿ. ಕಲ್ಲು ಕೆತ್ತುವ ಶಿಲ್ಪಿಗಳ ಊರು ಅದು. ಪ್ಲಾಸ್ಟರ್ ಬುದ್ಧನ ಬದಲು ಅಲ್ಲಿಂದ ಒಂದು ಕಲ್ಲಿನ ದೀಪಸ್ತಂಭವನ್ನೋ ನೀರಿನ ತೊಟ್ಟಿಯನ್ನೋ ಮಾಡಿಸಿ. ದೇವರ ಮೂರ್ತಿಯಾದರೆ ಎಲ್ಲಿ ಇಡುವುದು, ದಿನಾ ಪೂಜೆ ಯಾರು ಮಾಡುವುದು ಎಂಬ ಚರ್ಚೆ ಶುರುವಾಗುತ್ತದೆ. ಅದು ನಿಮಗೆ ಬಿಟ್ಟದ್ದು.

ಹಂತ 5: ಬೆಳಕು, ಗಾಳಿ, ಸದ್ದು, ವಾಸನೆ

ಬೆಳಕು: ಎಲ್ಇಡಿ ಕೊಳ್ಳುವಾಗ ಬಣ್ಣದ ತಾಪ ನೋಡಿ. ಕಾಯುವ ಜಾಗ, ಊಟದ ಜಾಗಕ್ಕೆ 3000 ಕೆಲ್ವಿನ್, ಅಂದರೆ ಹಳದಿ ಛಾಯೆ. ಕೆಲಸದ ಮೇಜುಗಳಿಗೆ 4000. ಅಂಗಡಿಯವರು ಕೊಡುವ 6500ರ ಬಿಳಿ ಬೆಳಕಿನಲ್ಲಿ ಎಲ್ಲರ ಮುಖವೂ ಜ್ವರ ಬಂದವರ ಹಾಗೆ ಕಾಣುತ್ತದೆ. ಮೇಜಿನ ಮೇಲೆ 300ರಿಂದ 500 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಅಂತ ಅಳೆಯುವ ಮಾನ) ಸಾಕು.

ಗಾಳಿ: ಕೋಲಾರ ಸಮುದ್ರಮಟ್ಟದಿಂದ 800 ಮೀಟರ್‌ಗಿಂತ ಎತ್ತರದಲ್ಲಿದೆ. ಬೇಸಿಗೆಯ ಎರಡು ಮೂರು ತಿಂಗಳು ಬಿಟ್ಟರೆ ಕಿಟಕಿ ತೆರೆದರೆ ಸಾಕು, ಗಾಳಿ ತಾನಾಗಿ ಬರುತ್ತದೆ. ಆದರೂ ನಾವು ಪಶ್ಚಿಮಕ್ಕೆ ಪೂರ್ತಿ ಗಾಜು ಹಾಕಿ, ಕಿಟಕಿ ಇಲ್ಲದಂತೆ ಮುಚ್ಚಿ, ಆಮೇಲೆ ಎಸಿಗೆ ದುಡ್ಡು ಸುರಿಯುತ್ತೇವೆ. ಪಶ್ಚಿಮದ ಗೋಡೆಗೆ ಮಾಲೂರಿನ ಇಟ್ಟಿಗೆಯಲ್ಲಿ ಜಾಲಿ, ಅಂದರೆ ಗಾಳಿಯಾಡುವ ತೂತಿನ ಗೋಡೆ, ಕಟ್ಟಿಸಿ, ಅದರ ಹಿಂದೆ ಮೆಟ್ಟಿಲು, ಶೌಚಾಲಯ, ಸ್ಟೋರ್ ಇಡಿ. ಜನ ಕೂರುವ ಜಾಗ ಉತ್ತರಕ್ಕೂ ಪೂರ್ವಕ್ಕೂ ಇರಲಿ. ಮೀಟಿಂಗ್ ರೂಮಿನಲ್ಲಿ ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಾರೆ ಅಂದರೆ ಊಟವನ್ನು ಮಾತ್ರ ಬೈಯಬೇಡಿ. ಒಂದು ಇಂಗಾಲದ ಡೈಆಕ್ಸೈಡ್ ಮೀಟರ್ ಇಟ್ಟು ನೋಡಿ. 1000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ದಾಟಿದರೆ ಹೊಸ ಗಾಳಿ ಸಾಲುತ್ತಿಲ್ಲ ಅಂತ ಅರ್ಥ.

ಸದ್ದು: ಖಾಲಿ ಲಾಬಿಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಟಣ್ ಅಂತ ತೇಲುತ್ತಾ ಉಳಿದರೆ ಅಲ್ಲಿ ಹತ್ತು ಜನ ಸೇರಿದಾಗ ಸಂತೆಯಾಗುತ್ತದೆ. ಗ್ರಾನೈಟ್, ಗಾಜು, ಜಿಪ್ಸಂ, ಎಲ್ಲವೂ ಸದ್ದನ್ನು ವಾಪಸ್ ಎಸೆಯುತ್ತವೆ. ದುಬಾರಿ ಪ್ಯಾನೆಲ್‌ಗಳೇ ಬೇಕು ಅಂತಿಲ್ಲ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿಯನ್ನು ಮರದ ಚೌಕಟ್ಟಿಗೆ ಬಿಗಿದು, ಗೋಡೆಯಿಂದ 2 ಇಂಚು ಬಿಟ್ಟು ತೂಗುಹಾಕಿ. ಹಿಂದಿನ ಆ ಖಾಲಿ ಜಾಗವೂ ಸದ್ದು ಹೀರಲು ನೆರವಾಗುತ್ತದೆ. ಉಣ್ಣೆಗೆ ಹತ್ತಿಯಷ್ಟು ಬೇಗ ಬೆಂಕಿ ಹತ್ತುವುದಿಲ್ಲ. ನೋಡಲೂ ಚೆಂದ.

ವಾಸನೆ: ರೂಮ್ ಫ್ರೆಶ್ನರ್ ಹೊಡೆದಿದ್ದಾರೆ ಅಂದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ನನಗೆ ಅನಿಸುತ್ತದೆ. ಮೂಲ ಹುಡುಕಿ. ಕಡಿಮೆ ಬಳಸುವ ಶೌಚಾಲಯದ ನೆಲದ ಟ್ರ್ಯಾಪ್‌ನಲ್ಲಿ, ಅಂದರೆ ನೀರು ಹೋಗುವ ಕಿಂಡಿಯ ಕೆಳಗೆ ನೀರು ನಿಲ್ಲುವ ಭಾಗದಲ್ಲಿ, ನೀರು ಆರಿಹೋದರೆ ಚರಂಡಿ ಗಾಳಿ ನೇರ ಒಳಗೆ ಬರುತ್ತದೆ. ವಾರಕ್ಕೊಂದು ಚೊಂಬು ನೀರು ಹಾಕಿದರೆ ಮುಗಿಯಿತು.

ಹಂತ 6: ದಿನಾ ಬರುವವರೂ ಅತಿಥಿಗಳೇ

ಲಾಬಿಗೆ ಲಕ್ಷಗಟ್ಟಲೆ ಸುರಿದು, ನೌಕರರಿಗೆ ಮೆಟ್ಟಿಲ ಕೆಳಗೆ ಊಟದ ಜಾಗ ಕೊಟ್ಟ ಆಫೀಸುಗಳನ್ನು ನೋಡಿದ್ದೇನೆ. ಊಟದ ಕೋಣೆ ಕಟ್ಟಡದ ಒಳ್ಳೆಯ ಮೂಲೆಯಲ್ಲಿ ಇರಲಿ. ಅಂತರಗಂಗೆ ಬೆಟ್ಟ ಕಾಣುವ ಕಡೆ ಕಿಟಕಿ ಸಿಕ್ಕರೆ ಅದನ್ನು ಎಂಡಿ ಕೋಣೆಗೆ ಕೊಡಬೇಡಿ, ಇಲ್ಲಿಗೆ ಕೊಡಿ. ನಮ್ಮವರು ಕೈಯಲ್ಲಿ ಉಣ್ಣುವವರು. ಡಬ್ಬಿಯಲ್ಲಿ ಮುದ್ದೆ ಸಾರು ಇದ್ದರಂತೂ ಕೇಳಲೇಬೇಡಿ. ಹಾಗಾಗಿ ಕೈ ತೊಳೆಯುವ ಸಾಲು ಬೇಸಿನ್ ಊಟದ ಕೋಣೆಯ ಬಾಗಿಲಲ್ಲೇ ಬೇಕು, ಹೋಟೆಲಿನಲ್ಲಿ ಇರುವ ಹಾಗೆ. ಶೌಚಾಲಯದ ಬೇಸಿನ್ ತೋರಿಸುವುದು ಸರಿಯಲ್ಲ. ಡಬ್ಬಿ ಬಿಸಿ ಮಾಡಲು, ತೊಳೆಯಲು, ಒಣಗಿಸಿಡಲು ಜಾಗ ಬೇಕು.

ಕಾಫಿಗೆ ಒಂದು ದರ್ಶಿನಿ ಮೂಲೆ ಮಾಡಿ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳಲ್ಲಿ ಕುರ್ಚಿ ಇರಲಿಲ್ಲ, ಆದರೂ ಯಾರಿಗೂ ಅವಮಾನ ಅನಿಸಲಿಲ್ಲ. 42 ಇಂಚು ಎತ್ತರದ ಎರಡು ಕಲ್ಲಿನ ಮೇಜು, ಫಿಲ್ಟರ್ ಕಾಫಿ, ಸ್ಟೀಲ್ ಲೋಟ. ನಿಂತು ಕುಡಿಯುವಾಗ ಅಕೌಂಟ್ಸ್‌ನವರೂ ಗೋಡೌನ್‌ನವರೂ ಒಂದೇ ಮೇಜಿಗೆ ಬರುತ್ತಾರೆ. ಒಂದಿಬ್ಬರಿಗೆ ಕೂರಲು ಬೆಂಚೂ ಇರಲಿ, ಎಲ್ಲರ ಕಾಲೂ ಗಟ್ಟಿ ಇರುವುದಿಲ್ಲ.

50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ 2017ರಿಂದ ಕಾನೂನಿನ ಪ್ರಕಾರ ಬೇಕು. ಅದಕ್ಕಿಂತ ಚಿಕ್ಕ ಆಫೀಸಾದರೂ ಹಾಲೂಡಿಸಲು ಒಳಗಿನಿಂದ ಚಿಲಕ ಇರುವ ಒಂದು ಸಣ್ಣ ಕೋಣೆ ಬಿಡಿ.

ಹಂತ 7: ಶೌಚಾಲಯ ಮತ್ತು ಕೊಳವೆ ಬಾವಿ ನೀರು

ಬೆಂಗಳೂರಿನ ಡಿಸೈನರ್‌ಗಳು ಇಲ್ಲಿ ಬಂದು ಎಡವುವುದು ಇದರಲ್ಲೇ. ನಮ್ಮದು ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ. ಕೊಳವೆ ಬಾವಿಯ ನೀರು ಗಡಸು. ಕಪ್ಪು ಗ್ರಾನೈಟ್, ಕಪ್ಪು ನಲ್ಲಿ, ದೊಡ್ಡ ಕನ್ನಡಿ ಹಾಕಿಸಿದರೆ ಒಂದೇ ತಿಂಗಳಲ್ಲಿ ಎಲ್ಲದರ ಮೇಲೂ ಬಿಳಿ ಕಲೆ. ಸುಣ್ಣದ ಅಂಶ ಅದು. ತಿಳಿ ಬೂದು ಬಣ್ಣದ ಕಲ್ಲು, ಮಾಮೂಲಿ ಸ್ಟೀಲ್ ನಲ್ಲಿ ಹಾಕಿ, ಕಲೆ ಎದ್ದು ಕಾಣುವುದಿಲ್ಲ. ಕಲೆ ತೆಗೆಯಲು ನೀರು ಬೆರೆಸಿದ ವಿನೆಗರ್ ಸಾಕು. ಆದರೆ ಅಮೃತಶಿಲೆಗೆ ವಿನೆಗರ್ ತಾಗಿಸಲೇಬೇಡಿ. ಅದೂ ಸುಣ್ಣದ ಜಾತಿಯ ಕಲ್ಲೇ, ಕಲೆಯ ಜೊತೆ ಹೊಳಪೂ ಕರಗಿಹೋಗುತ್ತದೆ. ನಾವು ಹಾಕಿಸಿದ ಇಟಲಿಯ ಕಲ್ಲಿಗೆ ಆದದ್ದು ಇದೇ. ಕಾಫಿ ಯಂತ್ರ, ಗೀಸರ್ ಇರುವ ಕಡೆ ನೀರು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸದೆ ಲೋಟ ಇಡಬೇಡಿ.

ನೆಲಮಹಡಿಯಲ್ಲಿ ಒಂದಾದರೂ ಶೌಚಾಲಯ ವೀಲ್‌ಚೇರ್ ತಿರುಗುವಷ್ಟು, ಅಂದರೆ 5 ಅಡಿ ಅಗಲದ ವೃತ್ತ ಹಿಡಿಸುವಷ್ಟು ಖಾಲಿ ಜಾಗ ಇರುವ ಹಾಗೆ ಇರಲಿ. 5 ಅಡಿ ಅಂದದ್ದು ವೃತ್ತದ ಅಗಲ, ಸುತ್ತಳತೆಯಲ್ಲ. ಈ ಎರಡರ ವ್ಯತ್ಯಾಸ ಮೇಸ್ತ್ರಿಗೆ ಬಿಡಿಸಿ ಹೇಳಿ. ಬ್ಯಾಗ್ ತೂಗುಹಾಕಲು ಕೊಕ್ಕೆ ಇರಲಿ. ಇಷ್ಟು ಸಣ್ಣ ವಸ್ತುವನ್ನೇ ಎಲ್ಲರೂ ಮರೆಯುತ್ತಾರೆ.

ಹಂತ 8: ಪರದೆಯ ಹಿಂದೆ

ಹೋಟೆಲ್‌ನಲ್ಲಿ ನಿಮಗೆ ಕಾಣದ ಇನ್ನೊಂದು ಹೋಟೆಲ್ ಇರುತ್ತದೆ. ಬಟ್ಟೆ, ಪಾತ್ರೆ, ಕಸ ಎಲ್ಲ ಓಡಾಡುವ ದಾರಿ. ಆಫೀಸಿಗೂ ಅದು ಬೇಕು. ಪ್ರತಿ ಮಹಡಿಯಲ್ಲಿ ಬಕೆಟ್ ತುಂಬಲು ನಲ್ಲಿ, ಮಾಪ್ ಒಣಗಿಸಲು ಜಾಗ, ಕಸಕ್ಕೆ ಬೇರೆ ದಾರಿ. ಮುಖ್ಯವಾಗಿ, ಸ್ವಚ್ಛ ಮಾಡುವವರು ಕೂತು ಊಟ ಮಾಡಲು, ಸೀರೆ ಬದಲಾಯಿಸಲು ಒಂದು ಕೋಣೆ. ಅವರು ಲಿಫ್ಟ್ ಪಕ್ಕ ನೆಲದ ಮೇಲೆ ಕೂತು ಉಣ್ಣುತ್ತಿದ್ದರೆ ನಿಮ್ಮ ಲಾಬಿಯ ತೂಗುದೀಪಕ್ಕೆ ಬೆಲೆಯಿಲ್ಲ.

ಕರೆಂಟ್ ಹೋದಾಗ ಏನು ಉರಿಯಬೇಕು ಅಂತ ಪಟ್ಟಿ ಮಾಡಿ: ಮೆಟ್ಟಿಲ ದೀಪ, ಕೌಂಟರ್ ದೀಪ, ಶೌಚಾಲಯ. ಕರೆಂಟ್ ಹೋದರೆ ಹತ್ತಿರದ ಮಹಡಿಯಲ್ಲಿ ನಿಂತು ಬಾಗಿಲು ತೆರೆಯುವ ರಕ್ಷಣಾ ಸಾಧನ ಲಿಫ್ಟ್‌ನಲ್ಲಿ ಇರಲಿ.

ಹಂತ 9: ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು?

ಇರುವ ಕಟ್ಟಡವನ್ನೇ ಸರಿಮಾಡುವುದಾದರೆ ಈ ವಾರವೇ ಬೋರ್ಡು, ಬಾಗಿಲ ಹಿಡಿ, ನೀರು, ಬಲ್ಬುಗಳ ಬಣ್ಣ ಬದಲಾಯಿಸಿ. ಮುಂದಿನ ತಿಂಗಳು ಕುರ್ಚಿ, ಕೌಂಟರ್ ಎತ್ತರ, ಕೈ ತೊಳೆಯುವ ಜಾಗ. ಆಮೇಲೆ ರ‍್ಯಾಂಪ್, ಶೌಚಾಲಯ, ಜಾಲಿ ಗೋಡೆ. ತೂಗುದೀಪ ಕೊನೆಗೆ, ದುಡ್ಡು ಉಳಿದರೆ. ನಿರ್ವಹಣೆಗೆ ಒಬ್ಬರ ಹೆಸರು ಬರೆದಿಡಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ.

ಹಂತ 10: ಪರೀಕ್ಷೆ

ಎಲ್ಲ ಮುಗಿದ ಮೇಲೆ ಈ ಆಫೀಸು ನೋಡಿಯೇ ಇಲ್ಲದ ಒಬ್ಬರನ್ನು ಕರೆಸಿ. ನಿಮ್ಮ ದೊಡ್ಡಮ್ಮನೋ, ಪಕ್ಕದ ಮನೆಯ ಅಜ್ಜನೋ ಆಗಬಹುದು. ಕೈಗೊಂದು ಲಕೋಟೆ ಕೊಟ್ಟು, 'ಎರಡನೇ ಮಹಡಿಯ ಅಕೌಂಟ್ಸ್‌ನವರಿಗೆ ಕೊಟ್ಟು ಬನ್ನಿ' ಅಂತ ಮಾತ್ರ ಹೇಳಿ. ಬಸ್ ಸ್ಟ್ಯಾಂಡಿನಿಂದ ಬರಲಿ. ನೀವು ಹತ್ತು ಹೆಜ್ಜೆ ಹಿಂದೆ ನಡೆಯಿರಿ, ಬಾಯಿ ಬಿಡಬೇಡಿ. ಎಲ್ಲಿ ನಿಂತರು, ಎಲ್ಲಿ ತಿರುಗಿ ನೋಡಿದರು, ಯಾರನ್ನು ಕೇಳಿದರು ಅಂತ ಗುರುತು ಹಾಕಿ. ಅವರು ನಿಂತ ಪ್ರತಿ ಜಾಗದಲ್ಲೂ ಇನ್ನೂ ಏನೋ ಕೆಲಸ ಬಾಕಿ ಇದೆ.

ನಾನು ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ, ಅದೇ ಮೂರು ಮಹಡಿ ಆಫೀಸಿಗೆ, ಎಲ್ಲ ಸರಿಮಾಡಿದ ಮೇಲೆ. ಬಾಗಿಲು ಎಳೆದರು, ಒಳಗೆ ಹೋದರು, ನೀರು ಕುಡಿದರು, ಲಕೋಟೆ ಕೊಟ್ಟರು. ಒಂದೇ ಕಡೆ ನಿಂತರು. ಬಾಗಿಲಲ್ಲಿ 'ಚಪ್ಪಲಿ ಹಾಕಿಕೊಂಡೇ ಬನ್ನಿ' ಬೋರ್ಡು ಓದಿ, ನನ್ನ ಕಡೆ ತಿರುಗಿ, 'ನಿಜವಾಗ್ಲೂ ಪರವಾಗಿಲ್ವಾ?' ಅಂದರು.